ಮೂಲೆ ಹೊಲದ ಜೋಳ

ಆ ಕ್ರಾಸಿನಲ್ಲಿ ನಾನು ಮಾಡಿಸಿದ ಮೊದಲ ಕೆಲಸವನ್ನು ಒಂಬತ್ತನೇ ದಿನ ನಾನೇ ಎದುರು ನಿಂತು ಕೀಳಿಸಿದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ರಸ್ತೆ ಇಲಾಖೆಯ ಜೇವರ್ಗಿ ಉಪವಿಭಾಗದಲ್ಲಿ ನಾನು ಕಿರಿಯ ಎಂಜಿನಿಯರನಾಗಿದ್ದೆ. ಕಲಬುರ್ಗಿಯಿಂದ ಬಿಜಾಪುರಕ್ಕೆ ಹೋಗುವ ಹೆದ್ದಾರಿಗೆ, ಜೇವರ್ಗಿ ದಾಟಿ ಸ್ವಲ್ಪ ದೂರದಲ್ಲಿ, ಭೀಮಾ ದಂಡೆಯ ಹಳ್ಳಿಗಳಿಂದ ಬರುವ ಒಂದು ಕಚ್ಚಾ ರಸ್ತೆ ಓರೆಯಾಗಿ ಬಂದು ಸೇರುತ್ತಿತ್ತು. ಜನ ಅದನ್ನು ಬರೀ ‘ಕ್ರಾಸ್’ ಎನ್ನುತ್ತಿದ್ದರು. ಒಂದು ಚಹಾದಂಗಡಿ, ಸೈಕಲ್ ಪಂಕ್ಚರ್ ತಿದ್ದುವವನ ತಗಡಿನ ಚಪ್ಪರ, ಬಸ್ಸಿಗೆ ಕಾಯುವವರು ಕೂರಲು ನಾಲ್ಕು ಫರಸಿ ಕಲ್ಲು, ಅಷ್ಟೇ. ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅಲ್ಲಿ ಒಂದು ಲಾರಿ ಎತ್ತಿನ ಬಂಡಿಗೆ ಬಡಿಯಿತು. ಬಂಡಿ ಹೊಡೆಯುತ್ತಿದ್ದವನ ಕಾಲು ಮುರಿಯಿತು. ಹಿಂದೆ ಕೂತಿದ್ದ ಅವನ ಮಗಳು ಎರಡು ತಿಂಗಳ ಕೂಸನ್ನು ಎದೆಗವಚಿಕೊಂಡು ಹೊಲದ ಮೆತ್ತನೆ ಮಣ್ಣಿಗೆ ಬಿದ್ದು ಉಳಿದಳು. ನಾನು ಹೋಗಿ ನೋಡುವಾಗ ಗಾಯಾಳು ಆಸ್ಪತ್ರೆ ಸೇರಿಯಾಗಿತ್ತು. ಸತ್ತ ಎತ್ತನ್ನು ಎಳೆದೊಯ್ದಿದ್ದರು. ಉಳಿದ ಎತ್ತು ಮಾತ್ರ ಜೊತೆಯದು ಬಿದ್ದ ಜಾಗವನ್ನು ಮೂಸುತ್ತ ನಿಂತಿತ್ತು. ಯಾರು ಎಳೆದರೂ ಅದು ಕದಲಲಿಲ್ಲ.

“ಎರಡೂ ಕಡಿ ಹಂಪ್ ಹಾಕಿಸ್ರಿ,” ಎಂದರು ನಮ್ಮ ಸಾಹೇಬರು. ಹಾಕಿಸಿದೆ. ಎರಡನೇ ದಿನ ಒಂದು ಬಸ್ಸು ಅದರ ಮೇಲೆ ಹಾರಿ, ಹಿಂದಿನ ಸೀಟಿನ ಮುದುಕನೊಬ್ಬನ ತಲೆ ಮೇಲಿನ ಸರಳಿಗೆ ಬಡಿಯಿತು. ಆಮೇಲೆ ಚಾಲಕರು ಉಪಾಯ ಕಂಡುಕೊಂಡರು. ಹಂಪಿನ ಅಂಚಿನಿಂದ ಒಂದು ಗಾಲಿಯನ್ನು ಕೆಳಗಿಳಿಸಿ, ರಸ್ತೆಯ ಪಕ್ಕದ ಮಣ್ಣಿನ ಪಟ್ಟಿಯ ಮೇಲೆ ಓಡಿಸಿಕೊಂಡು ಹೋಗತೊಡಗಿದರು. ಫರಸಿ ಕಲ್ಲುಗಳಿದ್ದದ್ದು ಆ ಪಟ್ಟಿಯ ಮೇಲೆಯೇ. ಒಂಬತ್ತನೇ ದಿನ, ಕೂತಿದ್ದ ಹೆಂಗಸರ ಮೊಳಕಾಲಿಗೆ ತಾಗುವಷ್ಟು ಹತ್ತಿರದಿಂದ ಒಂದು ಲಾರಿ ಹಾದುಹೋದದ್ದನ್ನು ನಾನೇ ಕಣ್ಣಾರೆ ಕಂಡೆ. ಅಂದೇ ಮಧ್ಯಾಹ್ನ ಗುದ್ದಲಿ, ಹಾರೆ ತರಿಸಿದೆ.

ನಮ್ಮ ಗ್ಯಾಂಗಿನ ಮೇಸ್ತ್ರಿ ಆ ರಸ್ತೆಯ ಮೇಲೆಯೇ ಹಣ್ಣಾದವರು. ಮನೆಯಲ್ಲಿ ಉರ್ದು, ರಸ್ತೆಯ ಮೇಲೆ ಕನ್ನಡ. ಯಾವ ಮೋರಿಯ ಕೆಳಗೆ ಯಾವ ಮಳೆಗೆ ನೀರು ನಿಲ್ಲುತ್ತದೆಂದು ನಕಾಶೆಗಿಂತ ಚೆನ್ನಾಗಿ ಬಲ್ಲವರು. ಮಾತು ಮಾತ್ರ ಕಡಿಮೆ. ಎಲ್ಲರೂ ಕರೆಯುವಂತೆ ನಾನೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಹಂಪ್ ಕೀಳಿಸಿದ ಸಂಜೆ ಅವರು ನನ್ನ ಮುಖ ನೋಡಿ, “ಇರ್ಲಿ ಬಿಡ್ರಿ ಸಾಹೇಬ್ರ. ತಪ್ಪು ಜಲ್ದಿ ಗೊತ್ತಾತು, ಅದ ಚೊಲೋ,” ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಈ ಸಲ ಪುಸ್ತಕ ನೋಡಿ ಸರಿಯಾದ ಯೋಜನೆ ಮಾಡೋಣವೆಂದು ಕುಳಿತೆ. ಓರೆಯಾಗಿ ಬರುವ ರಸ್ತೆಯನ್ನು ಬಾಗಿಸಿ ಹೆದ್ದಾರಿಗೆ ನೇರ ಮೂಲೆಯಲ್ಲಿ ಸೇರಿಸಬೇಕು, ತಿರುವನ್ನು ಅಗಲ ಮಾಡಬೇಕು. ಅದಕ್ಕೆ ಎರಡೂ ರಸ್ತೆಗಳ ನಡುವೆ ಬೆಣೆಯ ಹಾಗೆ ಚಾಚಿಕೊಂಡಿದ್ದ ಒಂದು ಹೊಲದ ಮೂಲೆ ಬೇಕಾಗಿತ್ತು. ಕಾಗದದ ಮೇಲೆ ಕೆಂಪು ಗೆರೆ ಎಳೆದೆ. ಸಾಹೇಬರು ಮೆಚ್ಚಿದರು. ಗೂಟ ಹೊಡೆದು ಗುರುತು ಮಾಡಲು ಸರಪಳಿ ಹಿಡಿದು ಹೊಲಕ್ಕಿಳಿದೆವು.

ಹಿಂಗಾರಿ ಜೋಳ ತಲೆಗಿಂತ ಎತ್ತರ ನಿಂತಿತ್ತು. ನಾಲ್ಕು ಹೆಜ್ಜೆ ಒಳಗೆ ಹೋದರೆ ಹೆದ್ದಾರಿ ಮಾಯ. ಲಾರಿಗಳ ಸದ್ದೊಂದೇ ಕೇಳುತ್ತಿತ್ತು. ಮೂರನೇ ಗೂಟಕ್ಕೆ ಸುತ್ತಿಗೆ ಎತ್ತಿದ ಆಳಿನ ಕೈಯನ್ನು ಮೇಸ್ತ್ರಿ ಹಿಡಿದರು.

“ಸಾಹೇಬ್ರ, ಆ ಗೂಟ ಅಲ್ಲಿ ಬ್ಯಾಡ್ರಿ.”

“ಯಾಕ್ರಿ ಚಾಚಾ? ನಕಾಶಿ ಪ್ರಕಾರ ಬರಾಬರ್ ಇಲ್ಲೇ ಬರ್ತದ.”

“ಬರ್ತದ್ರಿ. ಆದ್ರ ಅಲ್ಲಿ ಮನಿಷಾ ಮಲಗ್ಯಾನ.”

ದಂಟುಗಳನ್ನು ಸರಿಸಿ ತೋರಿಸಿದರು. ಮೊಳಕಾಲೆತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ವಿಭೂತಿ ಬಳಿದ ಸಣ್ಣ ಲಿಂಗ, ಎರಡು ಚೆಂಡುಹೂವು. ಅಷ್ಟರಲ್ಲಿ ಸಾಲುಗಳ ನಡುವಿನಿಂದ ಒಬ್ಬ ಮುದುಕಿ ಬಂದರು. ಅರವತ್ತು ದಾಟಿದ ವಯಸ್ಸು, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಊರವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು. ಹೊಲ ಅವರದು. ಕಟ್ಟೆಯ ಕೆಳಗಿದ್ದವರು ಅವರ ಗಂಡ.

ಆಯಿ ಗೂಟಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಹಿಂದ ರಸ್ತಿ ಅಗಲ ಮಾಡಾಕ ಬಂದಾಗ ಒಂದು ಪಟ್ಟಿ ಒಯ್ದ್ರಿ. ಈಗ ಅವ್ರನ್ನೂ ಒಯ್ತೀರೇನಪ್ಪಾ?”

ಹೊಡೆದಿದ್ದ ಎರಡು ಗೂಟಗಳನ್ನು ಕೈಯಾರೆ ಕಿತ್ತೆ. ಆ ಹೊಲವನ್ನು ಒಮ್ಮೆಯೂ ನಡೆದು ನೋಡದೆ ಮೇಜಿನ ಮೇಲೆ ಗೆರೆ ಎಳೆದದ್ದಕ್ಕೆ ಕಿವಿ ಬಿಸಿಯಾಯಿತು.

ಚಹಾದಂಗಡಿಯಲ್ಲಿ ಕುಳಿತಾಗ ಮೇಸ್ತ್ರಿ ತಾವಾಗಿಯೇ ಬಾಯಿಬಿಟ್ಟರು. ಆಯಿಯ ಗಂಡ ಸತ್ತದ್ದು ಇದೇ ಕ್ರಾಸಿನಲ್ಲಿ, ಕೆಲವು ವರ್ಷಗಳ ಹಿಂದೆ.

“ಅವತ್ತ ನಾವು ಇಲ್ಲೇ ಗುಂಡಿ ಮುಚ್ಚಾಕತ್ತಿದ್ವಿ. ಅಂವ ನನ್ನ ದೋಸ್ತ್ ರಿ. ಹೊಲದಿಂದ ಬಂಡಿ ಹೊಡಕೊಂಡು ಬಂದ. ಜ್ವಾಳ ಹಿಂಗ ನಿಂತಿತ್ತು. ಜ್ವಾಳದ ಮರ್ಯಾಗ ಬಸ್ ಅವ್ನಿಗೆ ಕಾಣ್ಲಿಲ್ಲ, ಬಸ್ಸಿನವ್ನಿಗೆ ಬಂಡಿ ಕಾಣ್ಲಿಲ್ಲ. ನಾ ಇತ್ಲಾಗಿಂದ ಒದರಿದ್ನಿ. ಎತ್ತು ದಿಬ್ಬ ಏರೂ ಜೋರಿನ್ಯಾಗ ಇದ್ವು, ನಿಲ್ಲಲಿಲ್ಲ. ಅವನ ತಲಿ ನನ್ನ ತೊಡಿ ಮ್ಯಾಲಿತ್ರಿ ಸಾಹೇಬ್ರ.”

“ಆಯಿಗೆ ಇದೆಲ್ಲಾ ಗೊತ್ತೇನ್ರಿ?”

“ಬಸ್ ಬಡೀತು ಅಂತ ಹೇಳೇನಿ. ಜ್ವಾಳದ ಮಾತು ಹೇಳಿಲ್ಲ. ಹ್ಯಾಂಗ ಹೇಳ್ಲಿ? ಅದನ್ನ ಗಂಡ ಹೆಂಡ್ತಿ ಕೂಡೇ ಬಿತ್ತಿದ್ರು.”

ಮರುದಿನ ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಬರಹಗಾರ ಒಳ್ಳೆಯವನು, ಹಳೆಯ ದಾಖಲೆಗಳನ್ನು ತೆಗೆದುಕೊಟ್ಟ. ಕ್ರಾಸಿನ ಅಪಘಾತಗಳನ್ನೆಲ್ಲ ಚೌಕಳಿ ಕಾಗದದ ಮೇಲೆ ತಿಂಗಳುವಾರು ಇಳಿಸಿಕೊಂಡೆ. ನಾನು ಅಂದುಕೊಂಡಿದ್ದು ಬೇಸಿಗೆಯಲ್ಲಿ ಹೆಚ್ಚಿರುತ್ತದೆಂದು. ಮದುವೆಗಳು, ಜನರ ಓಡಾಟ, ತುಂಬಿದ ಬಂಡಿಗಳು. ಆದರೆ ಹೊಲಗಳು ಬರಿದಾಗಿರುವ ಆ ದಿನಗಳಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಗುರುತುಗಳೆಲ್ಲ ಗುಂಪುಗೂಡಿದ್ದು ಜೋಳ ಆಳೆತ್ತರ ನಿಲ್ಲುವ ತಿಂಗಳುಗಳಲ್ಲಿ. ಮೇಸ್ತ್ರಿ ಒಬ್ಬ ಸ್ನೇಹಿತನ ಬಗ್ಗೆ ಹೇಳಿದ್ದು ಎಲ್ಲರ ಮಟ್ಟಿಗೂ ನಿಜವಾಗಿತ್ತು.

ಅಳತೆ ಮಾಡಿಯೇ ಬಿಡೋಣವೆಂದುಕೊಂಡೆ. ದುರ್ಬೀನಿನ ಉಪಕರಣ ಬೇಡವೆನಿಸಿತು. ನಿಂತ ಮನುಷ್ಯನ ಕಣ್ಣಿನ ಎತ್ತರವೇ ಬೇರೆ, ಬಂಡಿಯ ಮುಂದಿನ ಮರದ ಮೂಕಿಯ ಮೇಲೆ ಕೂತು ಹಗ್ಗ ಹಿಡಿದವನ ಕಣ್ಣಿನ ಎತ್ತರವೇ ಬೇರೆ. ಪಕ್ಕದ ಹಳ್ಳಿಯ ಒಬ್ಬ ರೈತನ ಬಂಡಿ ಕೇಳಿ ಪಡೆದು, ಅವನ ಜಾಗದಲ್ಲಿ ನಾನು ಕೂತೆ. ಎತ್ತುಗಳ ಮುಂಗಾಲು ಡಾಂಬರಿನ ಅಂಚಿಗೆ ಬರುವಂತೆ ನಿಲ್ಲಿಸಲು ಹೇಳಿದೆ. ಮೇಸ್ತ್ರಿ ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು ಹೆದ್ದಾರಿಯ ಮೇಲೆ ಜೇವರ್ಗಿ ಕಡೆಗೆ ನಡೆಯುತ್ತ ಹೋದರು. ನಲವತ್ತು ಹೆಜ್ಜೆಗೆ ಕೆಂಪು ಬಟ್ಟೆ ಜೋಳದ ಗರಿಗಳ ಹಿಂದೆ ಮುಳುಗಿತು.

ತುಂಬಿದ ಬಂಡಿಯೊಂದು ರಸ್ತೆಯನ್ನು ಪೂರ್ತಿ ದಾಟಲು ನಿಧಾನವಾಗಿ ಹತ್ತು ಎಣಿಸಬೇಕು. ಆ ನಲವತ್ತು ಹೆಜ್ಜೆಯನ್ನು ಬಸ್ಸು ನುಂಗಲು ಎರಡು ಎಣಿಸಿದರೆ ಹೆಚ್ಚು. ಇದಕ್ಕೆ ಯಾವ ಪುಸ್ತಕವೂ ಬೇಕಾಗಿರಲಿಲ್ಲ.

ಅಷ್ಟು ಹೊತ್ತು ಎತ್ತುಗಳನ್ನು ಹಿಡಿದು ನಿಂತಿದ್ದ ರೈತ ಬೆವರುತ್ತಿದ್ದ. “ಜಲ್ದಿ ಮಾಡ್ರಿ ಸಾಹೇಬ್ರ. ದಿಬ್ಬದಾಗ ಬಂಡಿ ಹಿಂದ ಸರೀತದ, ಎತ್ತಿನ ಕುತಗಿಗೆ ನೊಗ ಬಿಗೀತದ.”

“ಹಂಗಾದ್ರ ದಿನಾ ಏನ ಮಾಡ್ತೀರಿ?”

“ನಿಂದ್ರಸೂದ ಇಲ್ರಿ. ಕೆಳಗಿಂದನ ಹೊಡಕೊಂಡು ಒಂದ ದಮ್ಮಿಗೆ ಏರಸ್ತೇವಿ. ದೇವರು ಕಾದ್ರ ಕಾದ.”

ಹೆದ್ದಾರಿ ನೆಲಕ್ಕಿಂತ ಎತ್ತರದ ಏರಿಯ ಮೇಲಿತ್ತು. ಹಳ್ಳಿಯ ರಸ್ತೆ ಕೊನೆಯ ಕೆಲವು ಮಾರು ಕಡಿದಾಗಿ ಏರಿ ಅದನ್ನು ಮುಟ್ಟುತ್ತಿತ್ತು. ಬಂಡಿಯವರು ನೋಡದೆ ನುಗ್ಗುತ್ತಾರೆ ಎಂದು ನಮ್ಮ ಕಚೇರಿಯಲ್ಲಿ ಬೈಯುತ್ತಿದ್ದರು. ನಿಂತು ನೋಡುವ ಜಾಗವನ್ನೇ ನಾವು ಅವರಿಗೆ ಕೊಟ್ಟಿರಲಿಲ್ಲ.

ಹೊಸ ನಕಾಶೆ ಬರೆದೆ. ಹೊಲದ ಮೂಲೆಯನ್ನು ಬಿಟ್ಟು, ಎದುರು ಬದಿಯಲ್ಲಿ ಹಿಂದೆ ಏರಿಗೆ ಮಣ್ಣು ತೆಗೆದು ಪಾಳು ಬಿದ್ದಿದ್ದ ಸರಕಾರಿ ಜಾಗದ ಕಡೆಗೆ ರಸ್ತೆಯನ್ನು ಬಾಗಿಸುವುದು. ಹೆದ್ದಾರಿಗೆ ಸೇರುವ ಮೊದಲು ಒಂದು ಬಂಡಿ ಆರಾಮಾಗಿ ನಿಲ್ಲುವಷ್ಟು ಉದ್ದದ ಸಮತಟ್ಟಾದ ಕಟ್ಟೆ. ಬಸ್ಸು ನಿಲ್ಲುವ ಜಾಗವನ್ನು ಕ್ರಾಸಿನ ಬಾಯಿಂದ ಮುಂದಕ್ಕೆ ಸಾಗಿಸುವುದು. ಕೊನೆಯದಾಗಿ, ಮೂಲೆ ಹೊಲದಲ್ಲಿ ಜೋಳದ ಬದಲು ಗಿಡ್ಡ ಬೆಳೆ.

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಬೆಳಿ ಬದಲಿಸೂದು ಎಸ್ಟಿಮೇಟಿನ್ಯಾಗ ಯಾವ ಐಟಂ ಆಗ್ತದ್ರಿ?”

“ಯಾವುದೂ ಆಗೂದಿಲ್ಲ ಸರ್. ಹೋಗಿ ಕೇಳಬೇಕು.”

“ಮೊದಲಿನ ನಕಾಶಿನ ಇರ್ಲಿ. ಭೂಸ್ವಾಧೀನದ ಕಾಗದ ಮ್ಯಾಲ ಕಳಸೂನು. ಯಾರ ಮನಿಗೂ ಹೋಗಿ ಕೈಮುಗಿಯೂದು ಬ್ಯಾಡ.”

ಅದೇ ಸುಲಭದ ದಾರಿಯಾಗಿತ್ತು. ಆಯಿಗೆ ಏನನ್ನೂ ಹೇಳಬೇಕಾಗಿರಲಿಲ್ಲ, ಸರಕಾರ ಹೇಳುತ್ತಿತ್ತು. ಆದರೆ ಆ ಕಾಗದಗಳು ಕಚೇರಿಯಿಂದ ಕಚೇರಿಗೆ ತಿರುಗಿ ಬರಲು ವರ್ಷಗಳೇ ಬೇಕು. ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಉಳಿದಿದ್ದದ್ದು ಹದಿನೈದು ದಿನ. ಅಂದು ನಮ್ಮ ಕಡೆ ಊರಿಗೆ ಊರೇ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು, ಮಕ್ಕಳು ಮರಿಗಳನ್ನು ಬಂಡಿಗೆ ತುಂಬಿಕೊಂಡು ಹೊಲಕ್ಕೆ ಭೂತಾಯಿಯ ನೈವೇದ್ಯದ ಚರಗ ಚೆಲ್ಲಲು ಹೊರಡುತ್ತದೆ. ನಾನು ಆಳಂದದವನು, ಚಿಕ್ಕಂದಿನಲ್ಲಿ ಅಂಥ ಬಂಡಿಗಳಲ್ಲಿ ಕುಣಿದವನೇ. ಆ ಕ್ರಾಸನ್ನು ಎಷ್ಟು ಬಂಡಿಗಳು ದಾಟುತ್ತವೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

“ಒಂದ ಸಲ ಹೋಗಿ ಕೇಳ್ತೇನಿ ಸರ್. ಆಗಲಿಲ್ಲಂದ್ರ ಕಾಗದ ಕಳಸ್ರಿ,” ಎಂದೆ. ಅವರು ಫೈಲನ್ನು ತಮ್ಮ ಬದಿಗೆ ಎಳೆದುಕೊಂಡು, “ಹೋಗಿ ಬಾ,” ಎಂದರು. ಬಹುವಚನ ಬಿಟ್ಟು ಅವರು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಆಯಿ ಹೊಲದ ಗುಡಿಸಲ ಮುಂದೆ ತೊಗರಿ ಹಸನು ಮಾಡುತ್ತ ಕೂತಿದ್ದರು. ನೀರು, ಬೆಲ್ಲ ಕೊಟ್ಟರು. ಹೊಲದ ಮೂಲೆ ನಮಗೆ ಬೇಡ, ರಸ್ತೆ ಆಚೆ ತಿರುಗುತ್ತದೆ ಎಂದಾಗ ಅವರ ಮುಖ ಅರಳಿತು.

“ಚೊಲೋ ಆತು ತಮ್ಮಾ. ನಿನ್ನ ಹೊಟ್ಟಿ ತಣ್ಣಗಿರ್ಲಿ.”

“ಇನ್ನೊಂದು ಮಾತದ ಆಯಿ.” ನಾನು ಕೈಯಲ್ಲಿದ್ದ ಲೋಟವನ್ನು ನೋಡುತ್ತ ಹೇಳಿದೆ. ಮೂಲೆಯ ಜೋಳ ರಸ್ತೆಯನ್ನು ಮುಚ್ಚುತ್ತದೆ, ಬಂಡಿಯವರಿಗೆ ಬಸ್ಸು ಕಾಣುವುದಿಲ್ಲ, ಅಲ್ಲಿ ಕಡಲೆ ಬಿತ್ತಿ ಜೋಳವನ್ನು ಹಿಂದಿನ ಪಟ್ಟಿಗೆ ಹಾಕಿದರೆ ಎಲ್ಲರಿಗೂ ಕಾಣುತ್ತದೆ, ಈ ವರ್ಷ ನಿಂತಿರುವ ಬೆಳೆಯಲ್ಲಿ ಒಂದು ತುಂಡನ್ನು ಮೊದಲೇ ಕೊಯ್ಯಬೇಕಾಗುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಅವರ ಕೈಯಲ್ಲಿದ್ದ ಮೊರ ನಿಂತುಹೋಗಿತ್ತು.

“ಅಂದ್ರ ನನ್ನ ಜ್ವಾಳ ಅವ್ರನ್ನ ಕೊಂದದ ಅಂತೀ.”

“ಹಂಗಲ್ಲ ಆಯಿ...”

“ಹಂಗ ಅಂದಿ.” ಅವರ ದನಿ ಏರಲಿಲ್ಲ. “ಎದ್ದು ಹೋಗಪ್ಪ.”

ಬದುವಿನ ಮೇಲೆ ಹಿಂದಿರುಗುವಾಗ ಮೇಸ್ತ್ರಿಯನ್ನು ಕೇಳಿದೆ, “ಹೇಳಬಾರದಿತ್ತೇನು ಚಾಚಾ?”

ಅವರು ಮುಂದೆ ನಡೆಯುತ್ತಲೇ ಹೇಳಿದರು. “ಹೇಳೂದು ನಂದಿತ್ರಿ. ನಿಮ್ಮ ಕೈಲಿ ಹೇಳಸಿದ್ನಿ.”

ಬೇರೆ ದಾರಿ ಇರಲಿಲ್ಲ. ಗ್ಯಾಂಗಿನ ಇಬ್ಬರು ಹೆಂಗಸರಿಗೆ ಕೆಂಪು, ಹಸಿರು ಬಾವುಟ ಕೊಟ್ಟು ಬೆಳಗಿನಿಂದ ಹೊತ್ತು ಮುಳುಗುವವರೆಗೆ ಕ್ರಾಸಿನ ಎರಡು ಬದಿ ನಿಲ್ಲಿಸಿದೆ. ಒಬ್ಬಳು ಹೆದ್ದಾರಿ ನೋಡುವುದು, ಇನ್ನೊಬ್ಬಳು ಕೆಳಗಿನ ಬಂಡಿಗೆ ಸನ್ನೆ ಮಾಡುವುದು. ಅವರು ಆ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಒಮ್ಮೆ ನಮ್ಮ ಸಾಹೇಬರ ಜೀಪನ್ನೇ ತಡೆದು ಮೂರು ಬಂಡಿ ದಾಟಿಸಿದರು. ಸಾಹೇಬರು ಗದರಲಿಲ್ಲ. ಜೀಪಿನಲ್ಲೇ ಕೂತು, ಜೋಳದ ಕಡೆ ನೋಡಿ, ಹೋದರು.

ಐದನೇ ದಿನ ಹೊತ್ತೇರುವ ಸಮಯಕ್ಕೆ ಕೆಳಗಿನಿಂದ ಒಂದು ಬಂಡಿ ಬಂತು. ಹೊಡೆಯುವವನು ಪಕ್ಕದಲ್ಲಿ ನಡೆಯುತ್ತಿದ್ದ. ಅವನ ಜಾಗದಲ್ಲಿ ಕೂತಿದ್ದವರು ಆಯಿ.

“ಮೂಕಿ ಹಿಡೀ ಮೇಸ್ತ್ರಿ,” ಎಂದರು. ಮೇಸ್ತ್ರಿ ಹಾಗೂ ನಮ್ಮ ಇಬ್ಬರು ಆಳುಗಳು ಬಂಡಿ ಹಿಂದೆ ಸರಿಯದಂತೆ ಹಿಡಿದು ನಿಂತರು. ಎತ್ತುಗಳ ಮುಂಗಾಲು ಡಾಂಬರಿನ ಅಂಚಿಗೆ ಬಂದವು. ಆಯಿ ಜೇವರ್ಗಿ ಕಡೆ ಮುಖ ತಿರುಗಿಸಿದರು. ಗಾಳಿಗೆ ಗರಿಗಳು ಸರಸರ ಎನ್ನುತ್ತಿದ್ದವು. ಬಾವುಟದ ಹೆಂಗಸು ಕೆಂಪು ಎತ್ತಿದಳು. ಆಯಿಗೆ ಇನ್ನೂ ಏನೂ ಕಾಣುತ್ತಿರಲಿಲ್ಲ. ಕುತ್ತಿಗೆ ಚಾಚಿದರು. ಮರುಕ್ಷಣ ಜೋಳದೊಳಗಿಂದಲೇ ಹುಟ್ಟಿಬಂದಂತೆ ಬಸ್ಸೊಂದು ಎದುರಿಗೆ ಹಾದುಹೋಯಿತು. ಅದರ ಗಾಳಿಗೆ ಅವರ ತಲೆಯ ಸೆರಗು ಜಾರಿತು.

ಅವರು ಇಳಿದು ಬಂಡಿಯ ಗಾಲಿಯ ಮೇಲೆ ಕೈಯಿಟ್ಟು ನಿಂತರು.

“ಮೇಸ್ತ್ರಿ, ಅವತ್ತ ನೀ ಇಲ್ಲೇ ಇದ್ದಿ.”

“ಇದ್ನಿ ವೈನಿ.” ಗೆಳೆಯನ ಹೆಂಡತಿ ಅವರಿಗೆ ಅತ್ತಿಗೆ.

“ಅವ್ರಿಗೂ ಹಿಂಗ ಇತ್ತೇನು? ಏನೂ ಕಾಣ್ಲಿಲ್ಲೇನು?”

“ಕಾಣ್ಲಿಲ್ಲ ವೈನಿ. ಅಂವ ನೋಡಿದ. ಈ ಕಡಿ ಮಾರಿ ತಿರುವಿ ನೋಡಿದ್ದು ನಾ ಕಂಡೇನಿ. ಕಾಣ್ಲಿಲ್ಲ ಅವ್ನಿಗೆ.”

“ನೋಡಿದ್ರು?”

“ಖರೇನ ನೋಡಿದ.”

ಆಯಿ ಹಾಗೆಯೇ ನೆಲಕ್ಕೆ ಕೂತರು. ಏನಾದರೂ ಆಯಿತೇನೋ ಎಂದು ನಾನು ಹತ್ತಿರ ಓಡಿದೆ. ಅವರು ಅಳುತ್ತಿದ್ದರು, ಆದರೆ ಮುಖದಲ್ಲಿದ್ದದ್ದು ನಾನು ಹೆದರಿದ್ದ ನೋವಲ್ಲ.

“ಅವತ್ತ ಮುಂಜಾನೆ ನಾವಿಬ್ರೂ ಜಗಳಾಡಿದ್ವಿ,” ಎಂದರು, ಯಾರಿಗೆ ಎಂದು ಗೊತ್ತಾಗದ ಹಾಗೆ. “ಸಣ್ಣ ಮಾತಿಗೆ. ಅವ್ರು ರೊಟ್ಟಿ ಗಂಟು ಬಿಟ್ಟ ಬಂಡಿ ಹೂಡಿದ್ರು. ಆ ಸಿಟ್ಟಿನ್ಯಾಗ ಹಿಂದ ಮುಂದ ನೋಡ್ಲಾರದ ನುಗ್ಗಿದ್ರು ಅಂತ ತಿಳಕೊಂಡಿದ್ನಿ. ನನ್ನ ಬಾಯಿ ಅವ್ರನ್ನ ಕೊಂತು ಅಂತ.” ಮತ್ತೆ ಮೇಸ್ತ್ರಿಯತ್ತ ತಿರುಗಿದರು. “ಇಷ್ಟು ವರ್ಷ ಯಾಕ ಹೇಳ್ಲಿಲ್ಲೋ?”

ಮೇಸ್ತ್ರಿ ತಲೆಯ ವಸ್ತ್ರವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. “ನಿಮಗ ತ್ರಾಸ ಆಗ್ತದಂತ ವೈನಿ,” ಎಂದರು.

ಬಾವುಟದ ಹೆಂಗಸರಲ್ಲಿ ಒಬ್ಬಳು ಬಂದು ಆಯಿಯ ಪಕ್ಕ ಕೂತು ಬೆನ್ನು ಸವರಿದಳು. ಹೆದ್ದಾರಿಯ ಮೇಲೆ ಲಾರಿಗಳು ಹೋಗುತ್ತಲೇ ಇದ್ದವು. ನನಗೆ ಮಾಡಲು ಯಾವ ಕೆಲಸವೂ ಇರಲಿಲ್ಲವಾದ್ದರಿಂದ ಆ ಹೆಂಗಸಿನ ಬಾವುಟ ಎತ್ತಿಕೊಂಡು ಅವಳ ಜಾಗದಲ್ಲಿ ನಿಂತೆ.

ಮರುದಿನ ನಾವು ಬರುವಷ್ಟರಲ್ಲಿ ಆಯಿ ಕುಡುಗೋಲು ಹಿಡಿದು ಮೂಲೆಯಲ್ಲಿದ್ದರು. “ಎಲ್ಲಿಂದ ಎಲ್ಲೀತನ ಕೊಯ್ಯೂದು, ತೋರಸು,” ಎಂದರು. ಬಂಡಿಯ ಮೇಲೆ ಕೂತು, ಹೆದ್ದಾರಿಯ ಮೇಲೆ ಕೆಂಪು ಬಟ್ಟೆ ನಿಲ್ಲಿಸಿ, ಹಗ್ಗ ಎಳೆದು ಗೆರೆ ತೋರಿಸಿದೆ. ನೆಲಕ್ಕೆ ಗೂಟ ಹೊಡೆಯಲಿಲ್ಲ, ಸುಣ್ಣದ ಪುಡಿ ಹಾಕಿದೆ. ಗ್ಯಾಂಗಿನವರೆಲ್ಲ ಕೊಯ್ಲಿಗೆ ಇಳಿದರು. ತೆನೆ ಇನ್ನೂ ಹಾಲುಗಾಳಿನಲ್ಲಿತ್ತು. ಮಧ್ಯಾಹ್ನ ಆಯಿ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಊದಿ, ಬಿಸಿ ಬಿಸಿ ಸೀತನಿಯನ್ನು ಒಬ್ಬೊಬ್ಬರ ಬೊಗಸೆಗೆ ಹಾಕುತ್ತ ಹೋದರು. ಮೇಲೆ ಬೆಲ್ಲ, ಶೇಂಗಾ ಚಟ್ನಿಪುಡಿ. ಮೇಸ್ತ್ರಿಯ ಬೊಗಸೆಗೆ ಎರಡು ಸಲ ಹಾಕಿದರು. ಮೇವಿಗೆಂದು ಹಸಿ ದಂಟನ್ನು ನಮ್ಮ ಆಳುಗಳೇ ಹೊತ್ತು ಅವರ ಕೊಟ್ಟಿಗೆಗೆ ಹಾಕಿಬಂದರು. ಸಂಜೆ ಮತ್ತೆ ಬಂಡಿಯ ಮೇಲೆ ಕೂತು ಅಳೆದೆ. ಇನ್ನೂರು ಹೆಜ್ಜೆಯಾಚೆಗೂ ಕೆಂಪು ಬಟ್ಟೆ ಕಾಣುತ್ತಿತ್ತು. ಆಯಿಯ ಗಂಡನ ಕಟ್ಟೆಯೂ ಈಗ ರಸ್ತೆಗೆ ಕಾಣುತ್ತಿತ್ತು.

ಎಳ್ಳಮಾಸಿಯ ದಿನ ಬೆಳಗಿನಿಂದ ನಾನೂ ಮೇಸ್ತ್ರಿಯೂ ಕ್ರಾಸಿನಲ್ಲೇ ಇದ್ದೆವು. ಬಂಡಿಗಳ ಲೆಕ್ಕ ಇಡಲು ಹೋಗಿ ನಡುವೆಯೇ ಬಿಟ್ಟೆ. ಎಲ್ಲರೂ ದಾಟಿದರು, ಎಲ್ಲರೂ ಹಿಂತಿರುಗಿದರು.

ರಸ್ತೆಯ ಕೆಲಸ ನಡೆದದ್ದು ಬೇಸಿಗೆಯಲ್ಲಿ. ಸಾಹೇಬರು ಹೊಸ ನಕಾಶೆಗೆ ಸಹಿ ಮಾಡಿಸಿಕೊಟ್ಟರು. ಬೆಳೆಯ ಮಾತನ್ನು ಅದರಲ್ಲಿ ಬರೆಯಬೇಡವೆಂದರು, ಬರೆಯಲಿಲ್ಲ. ಹಳ್ಳಿ ರಸ್ತೆಯ ಕೊನೆಯನ್ನು ಪಾಳು ಜಾಗದತ್ತ ಬಾಗಿಸಿದೆವು. ಬಸ್ ನಿಲ್ಲುವ ಜಾಗವನ್ನು ಮುಂದಕ್ಕೆ ಸಾಗಿಸಿ ಫರಸಿ ಕಲ್ಲುಗಳನ್ನು ರಸ್ತೆಯಿಂದ ಒಳಗೆ ಹಾಸಿದೆವು. ಜನ ಅಲ್ಲಿ ಕೂರತೊಡಗಿದ ಮೇಲೆ ಚಹಾದಂಗಡಿಯವನು ಯಾರೂ ಹೇಳದೆಯೇ ಒಲೆ ಎತ್ತಿಕೊಂಡು ಅವರ ಹಿಂದೆ ಹೋದ.

ಬಂಡಿ ನಿಲ್ಲುವ ಕಟ್ಟೆಯ ವಿಷಯದಲ್ಲಿ ಮಾತ್ರ ನಾನು ಮತ್ತೆ ಎಡವಿದೆ. ಮಳೆಗಾಲ ಹತ್ತಿರ ಬಂದಿತ್ತು, ಗರಸು ತರುವ ಲಾರಿ ಕೆಟ್ಟು ನಿಂತಿತ್ತು. ಅವಸರಕ್ಕೆ ಬಿದ್ದು ಪಕ್ಕದ ಕಪ್ಪು ಎರೆಮಣ್ಣನ್ನೇ ತುಂಬಿಸಿ, ಮೇಲೊಂದು ಪದರ ಮಾತ್ರ ಗರಸು ಹಾಕಿಸಿದೆ. “ಎರಿಮಣ್ಣು ನಂಬಬ್ಯಾಡ್ರಿ,” ಎಂದಿದ್ದರು ಮೇಸ್ತ್ರಿ. ಮೊದಲ ದೊಡ್ಡ ಮಳೆಗೆ ಆ ಮಣ್ಣು ಹಿಟ್ಟಿನ ಹಾಗೆ ಉಬ್ಬಿ, ಒಂದು ಬಂಡಿಯ ಗಾಲಿ ನಡುವಿನ ಗುಂಬದ ತನಕ ಹೂತುಹೋಯಿತು. ಎಂಟು ಜನ ಹೆಗಲು ಕೊಟ್ಟು ಎತ್ತಿದೆವು. ಅಂದು ನನ್ನ ಪ್ಯಾಂಟು ಸೊಂಟದ ತನಕ ಕೆಸರು. ಮಳೆ ಬಿಡುವು ಕೊಟ್ಟಾಗಲೆಲ್ಲ ಆ ಮಣ್ಣನ್ನು ಪೂರ್ತಿ ಅಗೆದು ತೆಗೆದು, ತಳಕ್ಕೆ ಕಲ್ಲು, ಮೇಲೆ ಗರಸು, ಪದರ ಪದರವಾಗಿ ನೀರು ಹೊಡೆದು ರೋಲರ್ ಓಡಿಸಿದೆವು. ಬದಿಗೆ ನೀರು ಹರಿದುಹೋಗಲು ಕಾಲುವೆ ತೆಗೆದೆವು. ಎರಡನೇ ಸಲದ ಕಟ್ಟೆ ಮುಂದಿನ ಮಳೆಗಳಿಗೆ ಜಗ್ಗಲಿಲ್ಲ. ಮೊದಲ ಬಂಡಿ ಅದರ ಮೇಲೆ ನಿಂತಾಗ ಎತ್ತುಗಳು ನೊಗವನ್ನು ಸಡಿಲ ಬಿಟ್ಟು ಉಸಿರಾಡಿದವು. ಹೊಡೆಯುವವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬೀಡಿ ಹಚ್ಚಿದ, ಒಂದು ಲಾರಿಯನ್ನು ಹೋಗಲು ಬಿಟ್ಟು ಸಾವಕಾಶ ದಾಟಿದ.

ಬಿತ್ತನೆಯ ಹೊತ್ತಿಗೆ ನಾನು ಹೋಗಿ ಕೇಳುವ ಮೊದಲೇ ಆಯಿ ಮೂಲೆಗೆ ಕಡಲೆ ಬಿತ್ತಿಸಿದ್ದರು. ಆ ಚಳಿಗಾಲದಲ್ಲಿ ಠಾಣೆಯ ದಾಖಲೆಯಲ್ಲಿ ಕ್ರಾಸಿನ ಹೆಸರು ಬರಲಿಲ್ಲ. ಬರಹಗಾರ ಪುಟ ತಿರುಗಿಸಿ ತಿರುಗಿಸಿ ನೋಡಿ, ಪುಸ್ತಕ ಮುಚ್ಚಿ, ಚಹಾ ತರಿಸಿದ.

ನನಗೆ ವರ್ಗವಾದದ್ದು ಮುಂದಿನ ಬೇಸಿಗೆಯಲ್ಲಿ. ನನ್ನ ಜಾಗಕ್ಕೆ ಬಂದವರು ಮಂಡ್ಯ ಕಡೆಯ ಒಬ್ಬ ತರುಣ ಎಂಜಿನಿಯರ್. ಅಧಿಕಾರ ಒಪ್ಪಿಸಿಕೊಡುವಾಗ ವಸ್ತುಗಳ ಪಟ್ಟಿಯನ್ನು ಒಂದೊಂದಾಗಿ ಓದಿ ತೋರಿಸಿ ಸಹಿ ಪಡೆಯುವುದು ಪದ್ಧತಿ: ಡಾಂಬರಿನ ಡ್ರಮ್ಮುಗಳು, ಸರಪಳಿ, ಹಾರೆ, ಗುದ್ದಲಿ. ಹತ್ತೊಂಬತ್ತನೆಯದಾಗಿ ನಾನು ಬರೆದಿದ್ದೆ: ‘ಕ್ರಾಸಿನ ಮೂಲೆ ಹೊಲ. ಪ್ರತಿವರ್ಷ ಹಿಂಗಾರಿ ಬಿತ್ತನೆಗೆ ಮೊದಲು ಆಯಿಯವರನ್ನು ಭೇಟಿಯಾಗಿ ಮಾತಾಡುವುದು.’

ಅವರು ಪೆನ್ನು ಎತ್ತಿ ಹಿಡಿದರು. “ಸಾರ್, ಇದು ಸ್ಟೋರ್ ಐಟಂ ಅಲ್ವಲ್ಲ?”

“ಅಲ್ಲ. ಆದ್ರ ಬ್ಯಾರೆ ಎಲ್ಲೂ ಬರೆಯಾಕ ಜಾಗ ಇಲ್ರಿ.”

ಅವರು ನನ್ನ ಮುಖ ನೋಡಿ, ನಕ್ಕು, ಸಹಿ ಹಾಕಿದರು. ಅಂದು ಸಂಜೆ ಅವರನ್ನು ಕರೆದುಕೊಂಡು ಹೋಗಿ ಆಯಿಗೆ ಪರಿಚಯ ಮಾಡಿಸಿದೆ. ಆಯಿ ಅವರ ಊರು ಕೇಳಿದರು, ಮದುವೆ ಆಗಿದೆಯೇ ಕೇಳಿದರು, ನಮ್ಮ ಖಾರ ತಡೆಯುತ್ತದೆಯೇ ಕೇಳಿದರು. ಹೊರಡುವಾಗ ನನ್ನ ಗಲ್ಲ ಮುಟ್ಟಿ ಬೆರಳನ್ನು ತಮ್ಮ ತುಟಿಗೆ ಒತ್ತಿಕೊಂಡರು.

ಮುಂದಿನ ಹಿಂಗಾರಿ ಬಿತ್ತನೆ ಮುಗಿದ ಮೇಲೆ ನನ್ನ ಹೊಸ ಕಚೇರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಆ ತರುಣ ಎಂಜಿನಿಯರ್ ಬರೆದದ್ದು. ಇಲಾಖೆಯ ಟಿಪ್ಪಣಿಯ ಹಾಗೆ ಚುಟುಕಾಗಿತ್ತು:

‘ಐಟಂ ಹತ್ತೊಂಬತ್ತರ ಬಗ್ಗೆ. ಬಿತ್ತನೆಗೆ ಮೊದಲು ಹೋಗಿ ಮಾತಾಡಿದೆ. ಕಡಲೆಯನ್ನು ಮತ್ತೆ ಮತ್ತೆ ಹಾಕಿದರೆ ಬೆಳೆಗೆ ಸೊರಗು ರೋಗ ತಗಲುತ್ತದಂತೆ, ಈ ವರ್ಷ ಕುಸುಬಿ ಹಾಕುತ್ತೇನೆ ಎಂದರು. ಕುಸುಬಿ ಎಷ್ಟು ಎತ್ತರ ಬೆಳೆಯುತ್ತದೆಂದು ಮಂಡ್ಯ ಕಡೆಯವನಾದ ನನಗೆ ಗೊತ್ತಿರಲಿಲ್ಲ. ಕೇಳಿದೆ. ಆಯಿ ಎದ್ದು ನಿಂತು ತಮ್ಮ ಸೊಂಟ ಮುಟ್ಟಿ ತೋರಿಸಿದರು. ಆಮೇಲೆ ನನ್ನನ್ನೂ ನಿಲ್ಲಿಸಿ, ನನ್ನ ಸೊಂಟಕ್ಕೂ ಕೈಯಿಟ್ಟು, ಇಷ್ಟೇ ತಮ್ಮಾ, ಹೆದರಬೇಡ ಎಂದರು.’